ಯಾರೂ ಮುಳುಗದ ನೀರು

೧

ಹೇಗೆ ಶುರು ಮಾಡಲಿ? ಸಮುದ್ರದಿಂದ ಶುರು ಮಾಡಿದರೆ ದಾವಣಗೆರೆಗೆ ಸಮುದ್ರ ಯಾವಾಗ ಬಂತು ಎನ್ನುತ್ತೀರಿ. ಬೆಣ್ಣೆದೋಸೆಯಿಂದ ಶುರು ಮಾಡಿದರೆ ಇವನದು ಹಾಡಿದ್ದೇ ಹಾಡು ಎನ್ನುತ್ತೀರಿ. ಹಾಗಾಗಿ ಒಂದು ವೆಬ್‌ಸೈಟಿನಿಂದ ಶುರು ಮಾಡುತ್ತೇನೆ. ಸ್ಕೂಬಾ ಡೈವಿಂಗ್ ಮಾಡುವ ಜಾಗಗಳನ್ನೆಲ್ಲ ಪಟ್ಟಿ ಮಾಡಿಟ್ಟ ಡೈರೆಕ್ಟರಿ ಅದು. ಅದನ್ನು ತೆರೆದು ಕೂತವಳು ಶಾಹಿಸ್ತಾ. ದಾವಣಗೆರೆಯ ಆನೆಕೊಂಡದಲ್ಲಿ ಅವಳದು ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ. ಪಕ್ಕದ ಸ್ಟೂಲಿನ ಮೇಲೆ ಅವಳ ಅಪ್ಪ ಜಮಾಲ್ ಸಾಬ್.

(ಅಪ್ಪ ಮಗಳು ಮಾತಾಡುವುದು ಉರ್ದುವಿನಲ್ಲಿ. ನನಗೆ ಬರುವುದು ಕನ್ನಡ. ಪಾಪ, ಹೊಂದಿಕೊಂಡಿದ್ದಾರೆ.)

೨

ಹರಿಹರದ ಹೊಳೆಯಲ್ಲಿ ಯಾರಾದರೂ ಮುಳುಗಿದರೆ ಜನ ಓಡಿ ಬರುತ್ತಿದ್ದುದು ಆಗ ಅಲ್ಲೇ ಇದ್ದ ಜಮಾಲ್ ಸಾಬರ ಮನೆಗೆ. ಮೂವತ್ತು ವರ್ಷ ಹೆಣ ಎತ್ತಿದರು. ಸಿಲಿಂಡರ್ ಇಲ್ಲ, ಕನ್ನಡಕ ಇಲ್ಲ, ಒಂದೇ ಉಸಿರು. ಇಳಿಯುವ ಮುಂಚೆ ದಡದಲ್ಲಿ ಅಳುತ್ತ ನಿಂತವರನ್ನು ಒಂದೇ ಮಾತು ಕೇಳುತ್ತಿದ್ದರು: "ಹೆಸರೇನ್ರಿ?" ಹೆಸರು ಕೇಳದೆ ಒಮ್ಮೆಯೂ ನೀರಿಗಿಳಿದವರಲ್ಲ. ಒಂದು ಸಲ ತೀರಾ ಆಳಕ್ಕೆ ಹೋಗಿ ಎಡಗಿವಿಯ ತಮಟೆ ಹರಿದುಕೊಂಡು ಬಂದರು. ಅಲ್ಲಿಗೆ ಆ ಕೆಲಸ ಮುಗಿಯಿತು.

ಈಗ ಅವರಿಗೊಂದು ಹಟ.

"ಮೂವತ್ತು ವರ್ಷ ಹೊಳ್ಯಾಗ ಇದ್ದೆ. ಎಲ್ಲಾ ರಾಡಿ ನೀರು, ಕೈಯಾಗೇ ಹುಡುಕಿದ್ದು. ನೀರಿನ ತಳದಾಗ ಏನೈತೆ ಅಂತ ಕಣ್ಣಿಂದ ಒಂದ್ಸಲಾನೂ ನೋಡಿಲ್ಲ. ನೋಡ್ಬೇಕು."

೩

ಆರಿಸುವುದು ಸುಲಭವಲ್ಲ. ಎಷ್ಟು ಆಳ, ಎಷ್ಟು ಸೆಳೆತ, ನೀರಿನಲ್ಲಿ ಎಷ್ಟು ದೂರ ಕಣ್ಣು ಹಾಯುತ್ತದೆ, ಹೊಸಬರಿಗೆ ಆಗುತ್ತದೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಫಿಲ್ಟರ್.

"ಇಲ್ಲಿ ಹದಿನೆಂಟು ಮೀಟರ್, ಅಬ್ಬಾ."

"ಮೀಟರ್ ಗೀಟರ್ ಬ್ಯಾಡ. ಎಷ್ಟು ಆಳುದ್ದ ಹೇಳು."

"ಹತ್ತಾಳುದ್ದ ಆಗ್ತೈತೆ."

"ಅಲ್ಲಿ ಯಾರು ಮುಳುಗಿದ್ರು?"

"ಯಾರೂ ಇಲ್ಲ. ಜನ ಮೀನು ನೋಡಾಕ ಹೋಗ್ತಾರೆ."

ಜಮಾಲ್ ಸಾಬ್ ನಂಬಲಿಲ್ಲ. ಯಾರೂ ಮುಳುಗದ ನೀರಿಗೆ ಯಾರಾದರೂ ಯಾಕೆ ಇಳಿಯುತ್ತಾರೆ? ಪ್ರತಿ ಜಾಗಕ್ಕೂ ಅದೇ ಪ್ರಶ್ನೆ. ಆ ಡೈರೆಕ್ಟರಿಯಲ್ಲಿ ಅದಕ್ಕೊಂದು ಕಾಲಮ್ ಇರಲಿಲ್ಲ.

ಅಂಡಮಾನ್ ದೂರವಾಯಿತು. ಕೊನೆಗೆ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪದ ಪುಟ ತೆರೆಯಿತು. ಹೋಗಿಬಂದವರೊಬ್ಬರು ಅಲ್ಲಿ ಬರೆದಿದ್ದರು: "ಕೆಳಗೆ ಕಲ್ಲಿನ ಮೇಲೆ ನನ್ನ ನೆರಳು ಕಂಡಿತು." ಶಾಹಿಸ್ತಾ ಅದನ್ನು ಓದಿ ಹೇಳಿದಾಗ ಜಮಾಲ್ ಸಾಬ್ ಸ್ಟೂಲು ಎಳೆದುಕೊಂಡು ಹತ್ತಿರ ಬಂದರು.

"ನೆರಳು? ನೀರಿನ ತಳದಾಗ?" ಆಮೇಲೆ ಹೇಳಿದರು, "ಇದೇ ಇರ್ಲಿ."

೪

ಬುಕಿಂಗ್ ಅರ್ಜಿಯಲ್ಲಿ ಒಂದು ಪ್ರಶ್ನೆ: ಕಿವಿಯ ತೊಂದರೆ ಇದೆಯೇ?

ಶಾಹಿಸ್ತಾಳ ಅಂಗಡಿಗೊಂದು ನಿಯಮವಿದೆ. ಪ್ರಶ್ನೆ ಓದಿ ಹೇಳಬೇಕು, ಬಂದವರು ಹೇಳಿದ್ದನ್ನೇ ತುಂಬಬೇಕು. ಹುಟ್ಟಿದ ತಾರೀಕು ಗೊತ್ತಿಲ್ಲದವರು ಜೂನ್ ಒಂದು ಎಂದರೆ ಜೂನ್ ಒಂದು.

"ಇಲ್ಲ ಅಂತ ಹಾಕು," ಎಂದರು ಜಮಾಲ್ ಸಾಬ್.

೪ (ಹರಿದು ಹಾಕಿದ್ದು)

ಅವಳು 'ಇಲ್ಲ' ಎಂದು ಹಾಕಿದಳು. ಜಮಾಲ್ ಸಾಬ್ ಇಳಿದರು. ತಳದಲ್ಲಿ ತಮ್ಮ ನೆರಳು ಕಂಡರು. ಕಿವಿಯಲ್ಲಿ ನೀರು ನುಗ್ಗಿ ತಲೆ ಗಿರ್ರೆಂದು ತಿರುಗಿತು, ಮೇಲೆ ಯಾವುದು ಕೆಳಗೆ ಯಾವುದು ತಿಳಿಯಲಿಲ್ಲ... ಹೀಗೆ ನಾಲ್ಕು ಪುಟ ಬರೆದು ನಾನೇ ಕಣ್ಣೊರೆಸಿಕೊಂಡೆ. ಶಾಹಿಸ್ತಾ ಓದಿದಳು.

"ನಮ್ಮಪ್ಪನ್ನ ಸಾಯ್ಸಾಕ ನಿಮಗ್ಯಾಕ ಇಷ್ಟು ಅವಸರ, ಸರ್?"

"ಕಥೆಗೆ ಕ್ಲೈಮ್ಯಾಕ್ಸ್ ಬೇಕಲ್ಲಮ್ಮ."

"ಹಂಗಾರ ನೀವೇ ಮುಳುಗ್ರಿ."

ನನಗೆ ಈಜು ಬರುವುದಿಲ್ಲ. ಹರಿದು ಹಾಕಿದೆ.

೪ (ಅವಳು ಬರೆಸಿದ್ದು)

ಶಾಹಿಸ್ತಾ 'ಇದೆ' ಎಂದು ಹಾಕಿದಳು. ಎದುರಿಗೆ ಕೂತವರ ಮಾತು ಮೀರಿ ಅವಳು ಅರ್ಜಿ ತುಂಬಿದ್ದು ಅದೇ ಮೊದಲು. ಆಗುವುದಿಲ್ಲ ಎಂದು ಉತ್ತರ ಬಂತು. ಜಮಾಲ್ ಸಾಬ್ ಮೂರು ದಿನ ಮಾತು ಬಿಟ್ಟರು. ನಾಲ್ಕನೆಯ ದಿನ ಅವಳು ಅದೇ ಅರ್ಜಿಯನ್ನು ತನ್ನ ಹೆಸರಿನಲ್ಲಿ ತುಂಬಿದಳು.

"ನಾನು ಇಳೀತೀನಿ. ನೀವು ದೋಣ್ಯಾಗ ಕೂಡ್ರಿ. ಕಂಡಿದ್ದೆಲ್ಲಾ ಬಂದು ಹೇಳ್ತೀನಿ."

"ನಾನು ಹೇಳಿದ್ದೇ ಬರೀಲಿಲ್ಲ. ಇನ್ನು ನೀನು ಕಂಡಿದ್ದು ಹೇಳ್ತೀಯ?"

ಹಾಗೆಂದವರೇ ಮುರುಡೇಶ್ವರಕ್ಕೆ ಹೊರಡುವ ಶನಿವಾರ ಮಧ್ಯಾಹ್ನ ಅವಳಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದರು.

೫ (ಮುಗಿಸುವ ಪ್ರಯತ್ನಗಳು)

ಅ. ಅವಳು ಮೇಲೆ ಬಂದು ಎಲ್ಲ ಹೇಳುತ್ತಾಳೆ, ಅಪ್ಪ ಅಳುತ್ತಾರೆ. (ಸಕ್ಕರೆ ಜಾಸ್ತಿಯಾಯಿತು.)

ಆ. ಜಮಾಲ್ ಸಾಬ್ ತಡೆಯಲಾರದೆ ದೋಣಿಯಿಂದ ಹಾರುತ್ತಾರೆ. (ನಿಮಗೆ ಇಷ್ಟವಾಗಬಹುದು. ಶಾಹಿಸ್ತಾ ನನ್ನನ್ನು ಬಿಡುವುದಿಲ್ಲ.)

ಇ. ದೋಣಿಯ ಅಂಚಿನಲ್ಲಿ ಅವಳು ಸಿಲಿಂಡರ್ ಹೊತ್ತು ಕೂತಿದ್ದಾಳೆ. ಪಕ್ಕದಲ್ಲಿ ಡೈವ್ ಕಲಿಸುವಾತ. ಇನ್ನೇನು ಇಳಿಯಬೇಕು, ಜಮಾಲ್ ಸಾಬ್ ಹಳೆಯ ಅಭ್ಯಾಸದಂತೆ ಬಗ್ಗಿ ಕೇಳಿದರು:

"ಹೆಸರೇನು?"

ಅವಳು ಬಾಯಿಗಿಟ್ಟಿದ್ದ ನಳಿಗೆ ತೆಗೆದಳು.

"ಯಾರೂ ಸತ್ತಿಲ್ಲ, ಅಬ್ಬಾ. ಸುಮ್ನೆ ನೋಡಾಕ ಹೋಗ್ತಿದ್ದೀನಿ."

ಬಗ್ಗಿದ್ದವರು ನೆಟ್ಟಗಾದರು.

"ಹಂಗಾರ ಹೋಗು."

ಅವಳು ಹೋದಳು. ತಳದಲ್ಲಿ ಏನು ಕಂಡಳು ಎಂದು ನೀವು ಕೇಳುತ್ತೀರಿ. ನನಗೇನು ಗೊತ್ತು, ನಾನಿರುವುದು ದೋಣಿಯಲ್ಲಿ. "ಈಗ ಏನು ಬರೆಯಲಿ?" ಎಂದು ಜಮಾಲ್ ಸಾಬರನ್ನೇ ಕೇಳಿದೆ.

"ಸುಮ್ನಿರ್ರಿ. ಗುಳ್ಳೆ ನೋಡ್ತಿದ್ದೀನಿ." ನೀರಿನಿಂದ ಕಣ್ಣು ಕೀಳದೆ ಹೇಳಿದರು, "ಹೊಳ್ಯಾಗ ನಾನು ಹೋಗಿ ಇಳಿಯೋ ಹೊತ್ತಿಗೆ ಯಾವಾಗ್ಲೂ ಗುಳ್ಳೆ ನಿಂತೇ ಹೋಗಿರ್ತಿತ್ತು."

ಅವಳನ್ನು ನಾನು ಮೇಲೆ ಕರೆಯುವುದಿಲ್ಲ. ನೀವೂ ಅವಸರ ಮಾಡಬೇಡಿ. ಗುಳ್ಳೆಗಳು ಬರುತ್ತಿವೆ.