ಹೊಸ ಹಿಮದ ಮೇಲೆ ಹುಲ್ಲು

ಜಾರುಬಂಡಿ ಹತ್ತಿರ ಬಂದರೂ ಆ ಹೆಣ್ಣು ಎಲ್ಕ್ ಸರಿಯಲಿಲ್ಲ. ಕುದುರೆಗಳೇ ನಿಂತವು. ಜಿಂಕೆ ಜಾತಿಯದೇ, ಕಡವೆಗಿಂತ ದೊಡ್ಡ ಮೈಯ ಪ್ರಾಣಿ, ಪಕ್ಕೆಲುಬು ಎಣಿಸುವ ಹಾಗಾಗಿತ್ತು. ಕಿವಿ ಜೋತುಬಿದ್ದಿದ್ದವು, ಇಳಿದ ಜೊಲ್ಲು ಗದ್ದದ ಮೇಲೇ ಹೆಪ್ಪುಗಟ್ಟಿತ್ತು. ವಯೋಮಿಂಗ್‌ನ ಆ ಕಣಿವೆಯಲ್ಲಿ ಇಪ್ಪತ್ತೆರಡು ಚಳಿಗಾಲ ಹಿಂಡಿಗೆ ಹುಲ್ಲು ಹಾಕಿದ ವೆಂಡಲ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಸೊರಗು ರೋಗ. ಮದ್ದಿಲ್ಲದ್ದು.

ಹೋದ ತಿಂಗಳು ಶಾಲೆಯಲ್ಲಿ ನಡೆದ ಸಭೆಯಲ್ಲಿ ಇದರದ್ದೇ ಜಗಳ. ಹುಲ್ಲು ಹಾಕಿ ಒಂದೇ ಕಡೆ ಸೇರಿಸಿದರೆ ಜೊಲ್ಲು, ಹಿಕ್ಕೆಯಿಂದ ರೋಗ ಹಬ್ಬುತ್ತದೆ, ನಿಲ್ಲಿಸಿ ಎಂದರು ಕೆಲವರು. ನಿಲ್ಲಿಸಿದರೆ ಅರ್ಧ ಹಿಂಡು ಹಸಿದು ಸಾಯುತ್ತದೆ, ಉಳಿದರ್ಧ ನಮ್ಮ ದನಗಳ ಮೇವಿಗೆ ಬೀಳುತ್ತದೆ ಎಂದರು ಇನ್ನು ಕೆಲವರು. ವೆಂಡಲ್ ಎದ್ದು, ತಾನು ದಿನಾ ಹೊಸ ಹಿಮದ ಮೇಲೇ ಹುಲ್ಲು ಹರಡುತ್ತೇನೆ, ತನ್ನ ಕಡೆ ರೋಗ ಬರದು ಎಂದು ಹೇಳಿ ಕೂತಿದ್ದ.

ಅದು ಸುಳ್ಳಾಗಿತ್ತು. ಮುದಿ ಕುದುರೆ ನೆಲ್‌ಗೆ ಹೊಟ್ಟೆಮಟ್ಟದ ಹಿಮ ಸೀಳುವ ಕಸುವು ಉಳಿದಿರಲಿಲ್ಲ. ದಿನಾ ತುಳಿದು ಗಟ್ಟಿಯಾದ ಒಂದೇ ಜಾಡಿನಲ್ಲಿ ಬಂಡಿ ಹೋಗುತ್ತಿತ್ತು, ಅದೇ ಸಾಲಿಗೆ ಹುಲ್ಲು ಬೀಳುತ್ತಿತ್ತು.

ಬಂದೂಕು ಬಂಡಿಯಲ್ಲೇ ಇತ್ತು. ಹಳ್ಳ ಇನ್ನೂರು ಹೆಜ್ಜೆ ದೂರ. ಒಂದು ಗುಂಡು, ಮೇಲೊಂದಿಷ್ಟು ಹಿಮ, ಅಲ್ಲಿಗೆ ಮುಗಿಯಿತು. ವೆಂಡಲ್ ಬಂದೂಕು ಮುಟ್ಟಿದ. ಆಮೇಲೆ ಕೈ ಎಳೆದುಕೊಂಡು ಫೋನ್ ತೆಗೆದ.

ಮಧ್ಯಾಹ್ನ ವನ್ಯಪ್ರಾಣಿ ಇಲಾಖೆಯ ವೈದ್ಯೆ ಟೆಸ್ ಬಂದಳು. ಒಂದೇ ಗುಂಡಿಗೆ ಆ ಪ್ರಾಣಿಯ ನರಳಾಟ ಮುಗಿಸಿದಳು. ಸದ್ದಿಗೆ ಹಿಂಡೆಲ್ಲ ಕಾಡಂಚಿಗೆ ಓಡಿತು. ಪರೀಕ್ಷೆಗೆಂದು ತಲೆಯನ್ನು ಚೀಲಕ್ಕೆ ಹಾಕಿಕೊಂಡ ಮೇಲೆ ಆಕೆ ಹುಲ್ಲಿನ ಸಾಲನ್ನು ಬೂಟಿನಿಂದ ಕೆದಕಿದಳು. ಹುಲ್ಲು, ಅದರಡಿ ಹಿಕ್ಕೆ, ಮತ್ತೆ ಹುಲ್ಲು, ಮತ್ತೆ ಹಿಕ್ಕೆ.

"ಎಷ್ಟು ದಿನದಿಂದ ಇದೇ ಸಾಲು?"

"ಕ್ರಿಸ್‌ಮಸ್ಸಿಂದ."

"ಸಭೇಲಿ ಬೇರೇನೋ ಹೇಳಿದ್ರಿ."

"ನೆಲ್‌ಗೆ ವಯಸ್ಸಾಯ್ತು ಅಂದಿದ್ರೆ, ನಿನಗೂ ಆಯ್ತಲ್ಲ ಮುದುಕ ಅಂತಿದ್ರು."

ಟೆಸ್ ನಗಲಿಲ್ಲ. "ಐದು ಗಂಟೆಗೆ ನಾನು ವರದಿ ಕಳಿಸ್ಬೇಕು. ಅಷ್ಟರೊಳಗೆ ಹಿಂಡು ಈ ಸಾಲು ಬಿಟ್ಟು ಹೊಸ ಹಿಮದಲ್ಲಿ ಚದುರಿ ತಿಂದ್ರೆ, ಚಳಿಗಾಲ ಮುಗಿಯೋವರೆಗೂ ಹುಲ್ಲು ಹಾಕ್ಲಿ ಅಂತ ಬರೀತೀನಿ. ಇಲ್ಲೇ ಮೂತಿ ಇಟ್ರೆ, ನಾಳೆಯಿಂದಲೇ ನಿಲ್ಲಿಸಿ ಅಂತ."

ನಿಲ್ಲಿಸಿದರೆ ಎಂಟುನೂರು ಪ್ರಾಣಿಗಳ ಗತಿ ಏನೆಂದು ಇಬ್ಬರಿಗೂ ಗೊತ್ತಿತ್ತು. ವೆಂಡಲ್ ಬಂಡಿಯಿಂದಿಳಿದು ನೆಲ್‌ಳ ಲಗಾಮು ಹಿಡಿದ. ತೊಡೆಮಟ್ಟದ ಹಿಮವನ್ನು ತಾನೇ ಮುಂದೆ ನಿಂತು ತುಳಿದ. ನಾಲ್ಕು ಹೆಜ್ಜೆಗೊಮ್ಮೆ ಮುದುಕನೂ ಕುದುರೆಯೂ ನಿಂತು ಏದುಸಿರು ಬಿಟ್ಟರು. ಹಿಂದಿನಿಂದ ಟೆಸ್ ದೂರದೂರಕ್ಕೆ ಹುಲ್ಲು ಎಸೆದಳು.

ಬಂಡಿ ಹೊರಟಿದ್ದು ಕಂಡು ಕಾಡಂಚಿನಿಂದ ಹಿಂಡು ಇಳಿಯಿತು. ಇಳಿದು, ಸೀದಾ ಹಳೆಯ ಸಾಲಿನಲ್ಲಿ ನಿಂತಿತು. ಕಣ್ಣೆದುರಿಗೆ ಹಸಿರು ವಾಸನೆಯ ಹುಲ್ಲು ಬಿದ್ದಿದ್ದರೂ ಹಿಕ್ಕೆಯ ಮಂಜುಗಡ್ಡೆಯಲ್ಲೇ ನಿನ್ನೆಯ ಕಡ್ಡಿ ಹುಡುಕತೊಡಗಿತು.

ಟೆಸ್ ಮತ್ತೆ ಗಡಿಯಾರ ನೋಡಿದಳು. ನಾಲ್ಕೂಕಾಲು.

"ಆಗಿಂದ ನೋಡ್ತಿದೀಯಲ್ಲಮ್ಮ, ಅದೇನು ಮೊಟ್ಟೆ ಇಡುತ್ತಾ?"

"ಯಾಕೆ ಬರ್ತಿಲ್ಲ ಅವು?"

"ನಾನೇ ಕಲಿಸಿದ್ದು. ಇನ್ಯಾರನ್ನ ಬಯ್ಲಿ?"

ಆ ಮಾತು ಬಾಯಿಂದ ಬಿದ್ದಾಗಲೇ ದಾರಿ ಹೊಳೆಯಿತು. ಬಂಡಿ, ಕುದುರೆಗಳ ಜೊತೆ ಇರುವತನಕ ಅವನೂ ಹಿಂಡಿನ ಪಾಲಿಗೆ ಬಂಡಿಯ ಒಂದು ಭಾಗ. ಬಂಡಿ ಬಿಟ್ಟು ಕಾಲ್ನಡಿಗೆಯಲ್ಲಿ ಬರುವ ಮನುಷ್ಯ ಎಂದರೆ ಬೇಟೆಗಾರ. ಬಂಡಿ ಬಿಟ್ಟು ಹಿಂಡಿನತ್ತ ಹೋಗಬಾರದು, ಹುಲ್ಲು ಹಾಕುವವನ ಮೊದಲ ಪಾಠವೇ ಅದು.

ಲಗಾಮನ್ನು ಟೆಸ್‌ಳ ಕೈಗಿಟ್ಟ.

"ಅಯ್ಯೋ, ನನಗೆ ಬಂಡಿ ಹೊಡೆಯೋಕೆ ಬರಲ್ಲ!"

"ನೆಲ್‌ಗೆ ಬರುತ್ತೆ. ನೀನು ಹುಲ್ಲು ಎಸೀತಾ ಇರು."

ಬೆದರಿದ ಹಿಂಡು ಕಾಡು ಹೊಕ್ಕರೆ ಕತ್ತಲೊಳಗೆ ತಿರುಗಿ ಬರುವುದಿಲ್ಲ. ಆದ್ದರಿಂದ ವೆಂಡಲ್ ದೂರದಿಂದ ಬಳಸಿ, ಕಾಡಿಗೂ ಹಿಂಡಿಗೂ ನಡುವೆ ಬಂದು ನಿಂತ. ಹರಿದ ಕಿವಿಯ ಮುದಿ ಹೆಣ್ಣೊಂದು ತಲೆ ಎತ್ತಿತು. ಒಂಬತ್ತು ಚಳಿಗಾಲ ಅವನ ಬೂಟಿನ ಪಕ್ಕದಲ್ಲೇ ತಿಂದ ಪ್ರಾಣಿ ಅದು. ಗುರುತು ಹಿಡಿಯುವ ಹಾಗೆ ನೋಡಿತು. ವೆಂಡಲ್ ಎರಡೂ ಕೈ ಎತ್ತಿ, ಗಂಟಲು ಹರಿಯುವ ಹಾಗೆ ಕೂಗುತ್ತ ಅದರ ಮೇಲೇ ಓಡಿದ.

ಅದು ಬೊಗಳಿದ ಹಾಗೆ ಒಂದು ಸದ್ದು ಮಾಡಿ ನೆಗೆಯಿತು. ನೆಲ ನಡುಗಿತು. ಎಂಟುನೂರು ಬೆನ್ನುಗಳು ಒಮ್ಮೆಲೇ ತಿರುಗಿದವು. ಬಲಕ್ಕೆ ವಾಲಿ ಕಾಡಿನತ್ತ ಹೊರಟವು, ಅವನೂ ಬಲಕ್ಕೆ ಓಡಿದ, ಮುಗ್ಗರಿಸಿದ, ಎದ್ದ. ಅಷ್ಟರಲ್ಲಿ ಕೆಳಗೆ ನೆಲ್ ಬಂಡಿ ಎಳೆಯುವ ಸರಪಣಿಯ ಸದ್ದಾಯಿತು. ಹರಿದ ಕಿವಿಯ ಹೆಣ್ಣು ಅತ್ತ ಹೊರಳಿತು. ಹೊಸ ಹಿಮದಲ್ಲಿ ಎದೆಮಟ್ಟ ಹೂತು, ನಿಂತು, ಹುಲ್ಲಿಗೆ ಮೂತಿ ಇಟ್ಟಿತು. ಉಳಿದವು ಒಂದೊಂದೇ ಅದರ ಹಿಂದೆ ಚದುರಿದವು.

"ತಿಂತಿವೆ! ಬನ್ನಿ ವೆಂಡಲ್!"

ಅವನು ಒಂದು ಹೆಜ್ಜೆ ಇಟ್ಟ. ಹರಿದ ಕಿವಿ ತಲೆ ಎತ್ತಿ ಹಿಂದೆ ಸರಿಯಿತು. ಅವನು ಹೆಜ್ಜೆ ವಾಪಸು ತೆಗೆದುಕೊಂಡ.

"ನಾನಿನ್ನು ಹತ್ರ ಬರೋ ಹಾಗಿಲ್ಲ. ನೀನೇ ಮುಗಿಸು!" ಎಂದು ಕೂಗಿದ. "ವರದೀಲಿ ಹಳೇ ಸಾಲಿನ ಸಂಗತೀನೂ ಬರಿ. ನನ್ನ ಹೆಸರು ಹಾಕೇ ಬರಿ."

ಮತ್ತೆ ಯಾವುದೂ ಅಲ್ಲಿಗೆ ಮರಳದಿರಲಿ ಎಂದು, ಬೆಳಕಿರುವಷ್ಟು ಹೊತ್ತೂ ಅವನು ಆ ಹಳೆಯ ಸಾಲಿನ ಮೇಲೇ ಬೆದರುಬೊಂಬೆಯಂತೆ ನಿಂತಿದ್ದ.