ಖಬರಸ್ತಾನದ ಗೋಡೆಯೊಳಗೆ

“ಅಲ್ಲೇ ನಿಂತು ಮಾತಾಡು. ಹೆಣ ತೊಳ್ದ ಕೈಯಲ್ಲಿ ಕುರ್ಚಿ ಮುಟ್ಬೇಡ.”

ಹೀಗೆಂದವನು ಒಕ್ಕೂಟದ ಕಾರ್ಯದರ್ಶಿ. ಮಾತೆತ್ತಿದರೆ ಸೀಲು ಕೇಳುವುದರಿಂದ ನಮ್ಮ ಬೀದಿಯಲ್ಲಿ ಅವನ ಹೆಸರೇ ಸೀಲು ಸಾಹೇಬ. ದೇಶದ ಮಸೀದಿಗಳೆಲ್ಲ ಸೇರಿ ಕಟ್ಟಿಕೊಂಡ ಒಕ್ಕೂಟ ಅದು; ನಮ್ಮೂರಿನ ಖಬರಸ್ತಾನವೂ ಅದರ ಕೈಯಲ್ಲೇ. ಅವನ ತಲೆಯ ಮೇಲಿನ ಬೋರ್ಡಿನಲ್ಲಿ ‘ಮುಸ್ಲಿಮರೆಲ್ಲರ ಒಂದೇ ದನಿ’ ಎಂದು ಬರೆದಿತ್ತು. ಸತ್ತ ಹೆಂಗಸರನ್ನು ತೊಳೆಯುವುದು ನನ್ನ ಕೆಲಸ. ಇವನ ತಾಯಿಯನ್ನು ತೊಳೆದದ್ದೂ ನಾನೇ. ಅವತ್ತು ಇದೇ ಕೈ ಚೆನ್ನಾಗಿತ್ತು.

“ನಮ್ಮತ್ತೆ ಬೆಳಿಗ್ಗೆ ಹೋಗ್ಬಿಟ್ರು ಸಾಹೇಬ್ರೆ. ಖಬರಸ್ತಾನದ ಗೋಡೆ ಒಳಗೆ ಒಂದು ಜಾಗ ಕೊಡಿ. ಹೊರಗಡೆ ಎರಡಡಿ ತೋಡಿದ್ರೆ ನೀರು ಬರುತ್ತೆ.”

“ಯಾವ ಮಸೀದಿ ನಿಮ್ದು?”

ಗೊತ್ತಿದ್ದೂ ಕೇಳಿದ. ನಾನೂ ಹೇಳಿದೆ.

“ಅದು ಮಸೀದಿನಾ? ತಗಡಿನ ಶೆಡ್ಡು! ಸದಸ್ಯತ್ವ ಇಲ್ಲ ಅಂದ್ಮೇಲೆ ಜಾಗಾನೂ ಇಲ್ಲ. ಗುಂಡಿ ತೋಡೋರು, ಹೆಣ ತೊಳೆಯೋರು ಎಲ್ಲ ಬಂದು ಸೇರ್ಕೊಳ್ಳೋಕೆ ಒಕ್ಕೂಟ ಏನು ಛತ್ರಾನಾ?”

“ಹನ್ನೊಂದು ವರ್ಷದಿಂದ ಅರ್ಜಿ ಹಾಕ್ತಿದೀವಿ...”

“ಇನ್ನೊಂದು ಹಾಕಿ. ಅಧ್ಯಕ್ಷರ ಅಣ್ಣ ತೀರ್ಕೊಂಡಿದಾರೆ. ಮಧ್ಯಾಹ್ನದ ನಮಾಜಿಗೆ ಮುಂಚೆ ಗುಂಡಿ ರೆಡಿ ಇರ್ಬೇಕು ಅಂತ ನಿನ್ನ ಗಂಡಂಗೆ ಹೇಳು. ಅಂಚು ಸರಿಯಾಗಿ ಕಡೀಲಿ, ಬೇವರ್ಸಿ.”

ಅಳು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಇಪ್ಪತ್ತು ವರ್ಷ ತಣ್ಣಗಿನ ಮೈ ಮುಟ್ಟಿ ಮುಟ್ಟಿ ನನ್ನೊಳಗೂ ಏನೋ ತಣ್ಣಗಾಗಿದೆ. ಖಬರಸ್ತಾನದ ಗೇಟಿನ ಹೊರಗೆ ನಿಂತು ಗಂಡನನ್ನು ಕರೆದು ಎಲ್ಲ ಹೇಳಿದೆ. ಅವನು ಗುದ್ದಲಿ ಎತ್ತಿಕೊಂಡು ಅಗೆಯಲು ಹೋದ. ಮನೆಗೆ ಬಂದು ಅತ್ತೆಯನ್ನು ತೊಳೆದೆ. ಮೊದಲು ಬಲಗಡೆ, ಆಮೇಲೆ ಎಡಗಡೆ, ಮೂರು ಸಲ. ನನಗೆ ಈ ಕೆಲಸ ಕಲಿಸಿದವರೇ ಅವರು. ಬಾಗಿ ಬಾಗಿ ಗೂನಾಗಿದ್ದ ಬೆನ್ನು ಎಷ್ಟು ಮಾಡಿದರೂ ನೇರವಾಗಲಿಲ್ಲ.

ಗುಂಡಿ ಮುಗಿಸಿ ಗಂಡ ಬಂದ. ತಾಯಿಯನ್ನು ಸ್ವಲ್ಪ ಹೊತ್ತು ನೋಡಿದ.

“ಒಳಗಿನ ಮಣ್ಣು ಒಣಗಿದೆ ಕಣೆ. ಅಮ್ಮಂಗೆ ಚೆನ್ನಾಗಿರುತ್ತೆ.”

ನಮ್ಮ ಶೆಡ್ಡಿನಲ್ಲೇ ಬೀದಿಯ ಗಂಡಸರು ಸಾವಿನ ನಮಾಜು ಮಾಡಿದರು. ಅಧ್ಯಕ್ಷರ ಅಣ್ಣನಿಗೆಂದು ತೋಡಿದ್ದ ಗುಂಡಿಯಲ್ಲೇ ಅತ್ತೆಯನ್ನು ಮಲಗಿಸಿ ಮಣ್ಣು ಮುಚ್ಚಿದರು.

ಮಧ್ಯಾಹ್ನ ಅಧ್ಯಕ್ಷರ ಅಣ್ಣನನ್ನು ಹೊತ್ತುಕೊಂಡು ದೊಡ್ಡ ಗುಂಪು ಬಂತು. ನಾನು ಗೇಟಿನ ಹೊರಗೆ ನಿಂತು ನೋಡುತ್ತಿದ್ದೆ.

“ಯಾರ್ದೋ ಇದು?” ಎಂದು ಸೀಲು ಸಾಹೇಬ ಕಿರುಚಿದ.

“ನಮ್ಮಮ್ಮಂದು.”

“ತೆಗಿಯೋ ಸೂಳೆಮಗನೆ! ಈಗ್ಲೇ ಅಗಿ!”

ಗಂಡ ಗುದ್ದಲಿಯನ್ನು ಅವನ ಕಾಲ ಬಳಿ ಇಟ್ಟ. “ಮುಚ್ಚಿದ ಗೋರಿ ಅಗೀಬಾರ್ದು ಅಂತ ನೀವೇ ಹೇಳ್ಕೊಟ್ಟಿದ್ದು. ಅಗೀಬೋದು ಅಂದ್ರೆ ನೀವೇ ಅಗೀರಿ.”

ಸೀಲು ಸಾಹೇಬ ಗುಂಪಿನ ಜೊತೆ ಬಂದಿದ್ದ ಇಮಾಮರ ಮುಖ ನೋಡಿದ. ಇಮಾಮರು ನೆಲ ನೋಡಿದರು. ಬಿಸಿಲು ಚುರುಗುಟ್ಟುತ್ತಿತ್ತು. ಹೊತ್ತವರು ಹೆಗಲು ಬದಲಿಸಿಕೊಂಡರು.

“ಪಕ್ಕದಲ್ಲಿ ಇನ್ನೊಂದು ತೋಡಪ್ಪ,” ಎಂದರು ಅಧ್ಯಕ್ಷರು, ಮೆಲ್ಲಗೆ.

ಗಂಡ ಗುದ್ದಲಿಯನ್ನು ಅಲ್ಲೇ ಬಿಟ್ಟು ತಾಯಿಯ ತಲೆಯ ಕಡೆ ಕೂತುಕೊಂಡ. ಹೆಂಗಸರು ದಾಟಬಾರದ ಗೇಟು ದಾಟಿ ಹೋಗಿ ನಾನು ಕಾಲ ಕಡೆ ಕೂತೆ.