ಹಳೇ ಗೋಡೆಯ ಮಣ್ಣು

ಗುಡ್ಡದ ಇಳಿಜಾರಿನಲ್ಲಿದ್ದ ಹದಿನಾಲ್ಕು ಮನೆಗಳನ್ನು ಒಂದು ಸೋಮವಾರ ಬೆಳಿಗ್ಗೆ ಏಳರಿಂದ ಹನ್ನೊಂದರೊಳಗೆ ಕೆಡವಿದರು. ಸಾಮಾನು ತೆಗೆದುಕೊಳ್ಳಲು ಅರ್ಧ ಗಂಟೆ ಕೊಟ್ಟಿದ್ದರು. ಎರಡು ಲಾರಿ ಬಂದಿದ್ದವು. ಜನರನ್ನು ಪಟ್ಟಣದಾಚೆ ತಗಡಿನ ಶೆಡ್ಡುಗಳ ಸಾಲಿನಲ್ಲಿ ಇಳಿಸಿದರು. ಆಗ ನನಗೆ ಆರು ವರ್ಷ.

ಇಪ್ಪತ್ತೆರಡು ವರ್ಷದ ಮೇಲೆ ಅದೇ ಗುಡ್ಡದ ಅಳತೆಯ ಹಾಳೆ ನನ್ನ ಮೇಜಿನ ಮೇಲೆ ಬಂದು ಬಿತ್ತು.

ಕಟ್ಟಡಗಳ ವಿನ್ಯಾಸ ಮಾಡುವ ಕಚೇರಿಯಲ್ಲಿ ನಾನು ನಕ್ಷೆ ಬರೆಯುವವಳು. ಎರಡನೇ ಮಹಡಿ, ಮೂರು ಕಂಪ್ಯೂಟರ್, ಸೋರುವ ಏಸಿಯ ಕೆಳಗೊಂದು ಬಕೆಟ್. ಕಚೇರಿ ನಡೆಸುವ ಮೇಡಂ ಒಳ್ಳೆಯವರು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನನಗೆ ಕೆಲಸ ಕಲಿಸಿದವರು, ತಪ್ಪು ಮಾಡಿದಾಗ ಬಾಗಿಲು ಹಾಕಿಕೊಂಡು ಬೈದವರು, ಎಲ್ಲರೆದುರು ಹೊಗಳಿದವರು. ಅವರು ಕೆಟ್ಟವರಾಗಿದ್ದರೆ ನನಗೆ ಎಷ್ಟೋ ಸಲೀಸಾಗುತ್ತಿತ್ತು.

"ಇದು ಬರೀ ರೆಸಾರ್ಟ್ ಅಲ್ಲ. ಕೃಷಿ ರೆಸಾರ್ಟ್," ಎಂದರು ಮೇಡಂ. "ಅಲ್ಲಿದ್ದ ಮೂಲವಾಸಿಗಳ ಸಂಸ್ಕೃತೀನ ಸಂಭ್ರಮಿಸೋ ಜಾಗ ಆಗ್ಬೇಕು. ಅವರ ಮನೆ ಹೇಗಿತ್ತು, ಯಾರನ್ನ ಕೇಳೋದು ಅಂತಾನೇ ಗೊತ್ತಾಗ್ತಿಲ್ಲ."

"ನನ್ನನ್ನ ಕೇಳಿ ಮೇಡಂ. ನಾನು ಅಲ್ಲೇ ಹುಟ್ಟಿದ್ದು," ಎಂದೆ.

ಮೇಡಂ ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಸಂತೋಷಕ್ಕೋ ಸಂತಾಪಕ್ಕೋ ತಿಳಿಯಲಿಲ್ಲ. ಈ ನಕ್ಷೆಯಲ್ಲಿ ವಿನ್ಯಾಸಕಿ ಅಂತ ನಿನ್ನ ಹೆಸರೇ ಇರುತ್ತೆ ಎಂದರು. ನಾನು ಶೌಚಾಲಯಕ್ಕೆ ಹೋಗಿ ಮುಖ ತೊಳೆದುಕೊಂಡೆ. ಅಳು ಬಂದಿತ್ತೋ ನಗು ಬಂದಿತ್ತೋ ಕನ್ನಡಿಯಲ್ಲಿ ನೋಡಿದರೂ ಗೊತ್ತಾಗಲಿಲ್ಲ.

ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಮನೆ ಕೆಡವಿಸಿದ ಆಗಿನ ಮಾಲೀಕರು ಜಮೀನನ್ನು ಮಾರಿದ್ದರು. ಕೊಂಡವರು ಮತ್ತೊಬ್ಬರಿಗೆ ಮಾರಿದ್ದರು. ಈಗಿನ ಯಜಮಾನರು ಮೂರನೆಯವರು. "ಪಾಪ, ಅಲ್ಲಿ ಜನ ಇದ್ರಂತೆ" ಎಂದು ಹೇಳುವಾಗ ಅವರ ದನಿ ನಿಜವಾಗಿಯೂ ಮೆತ್ತಗಾಗುತ್ತಿತ್ತು. ಅನ್ಯಾಯಕ್ಕೂ ಕ್ರಯಪತ್ರ ಇರುತ್ತದೆ. ಎರಡು ಸಲ ನೋಂದಣಿಯಾದರೆ ಅದರ ಮೇಲಿನ ರಕ್ತದ ಕಲೆ ಒಣಗಿ ಮೊಹರಿನ ಹಾಗೆ ಕಾಣುತ್ತದೆ.

ನಕ್ಷೆ ಬರೆದೆ. ಹದಿನಾಲ್ಕು ಮಣ್ಣಿನ ಮನೆ, ಒಂದೊಂದರಲ್ಲೂ ಬಿಸಿನೀರಿನ ಸ್ನಾನದ ಮನೆ. ಅತಿಥಿಗಳು ಬೆಳಿಗ್ಗೆ ಒಂದು ಗಂಟೆ ನೇಗಿಲು ಹಿಡಿಯಬೇಕು, ತರಕಾರಿ ಕೀಳಬೇಕು, ಹಸುವಿನ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಬೇಕು, ಸಂಜೆ ಮೂಲವಾಸಿಗಳೊಂದಿಗೆ ಹರಟಬೇಕು. ಮೂಲವಾಸಿಗಳಿಗೆಂದು ಆರು ಜನ ಕೂರುವಷ್ಟು ಒಂದು ದುಂಡು ಕಟ್ಟೆಯನ್ನೂ ಬರೆದೆ. ಈಜುಕೊಳಕ್ಕೆ ಸಮತಟ್ಟಾದ ಜಾಗ ಬೇಕಿತ್ತು. ಅಳತೆಯ ಹಾಳೆಯಲ್ಲಿ, ಇಳಿಜಾರಿನ ನಡುವೆ ಒಂದು ಕಡೆ ಎತ್ತರ ತೋರಿಸುವ ರೇಖೆಗಳು ದೂರದೂರ ಇದ್ದವು, ಅಂದರೆ ನೆಲ ಮಟ್ಟಸವಾಗಿದೆ ಎಂದರ್ಥ. ಕೊಳವನ್ನು ಅಲ್ಲಿಟ್ಟವಳು ನಾನೇ.

ಭಾನುವಾರ ನಕ್ಷೆಯ ಪ್ರತಿಯನ್ನು ದೊಡ್ಡಮ್ಮನಿಗೆ ತೋರಿಸಲು ಶೆಡ್ಡಿಗೆ ಹೋದೆ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅಮ್ಮನ ಅಕ್ಕನಾದ ಇವಳೇ. ಗುಡ್ಡದಲ್ಲಿ ನಮ್ಮದೂ ಅವಳದೂ ಒಂದೇ ಮನೆ. ಅಲ್ಲಿದ್ದಾಗ ಗೋಡೆ ಹಾಕುವುದರಲ್ಲಿ ಅವಳದು ಎತ್ತಿದ ಕೈ; ಹದಿನಾಲ್ಕರಲ್ಲಿ ಒಂಬತ್ತು ಮನೆಯ ಗೋಡೆ ಅವಳದೇ. ಪಟ್ಟಣಕ್ಕೆ ಬಂದ ಮೇಲೆ ಬೇರೆಯವರ ಕಟ್ಟಡಗಳಿಗೆ ಸಿಮೆಂಟು ಹೊತ್ತಳು.

"ಇದೇನೇ ಪುಟ್ಟಿ, ಬಾಗಿಲು ಇಷ್ಟೆತ್ತರ? ಒಂಟೆ ಸಾಕ್ತಾರಾ?"

"ನಮ್ಮನೆ ಬಾಗಿಲು ಎತ್ತರ ಇತ್ತಲ್ಲ ದೊಡ್ಡಮ್ಮ. ಸರಿಯಾಗಿ ನೆನಪಿದೆ ನಂಗೆ."

"ನೀನು ಗಿಡ್ಡಕ್ಕಿದ್ದೆ ಕಣೇ. ನಾವೆಲ್ಲ ಬಗ್ಗಿ ಹೋಗ್ತಿದ್ವಿ."

ನನ್ನ ನೆನಪಿನ ಮೇಲೆ ನಾನು ಹದಿನಾಲ್ಕು ಮನೆ ಕಟ್ಟಿ ಕೂತಿದ್ದೆ! ಮುಂದೆ ಕೇಳಲು ಭಯವಾಯಿತು. ಆದರೂ ಕೇಳಿದೆ. ಅಲ್ಲಿ ಕೆಲಸ ಮಾಡುವವರಿಗೆ ಹಳೆಯ ಕಾಲದ ಉಡುಪು ಹೊಲಿಸಬೇಕಂತೆ, ನಾವು ಏನು ಉಡುತ್ತಿದ್ದೆವು?

"ಸಿಕ್ಕಿದ್ದು."

ಮೊದಲು ಒಂದು ಮಾದರಿ ಮನೆ ಆಗಬೇಕು, ನಿನ್ನ ಕೈಕೆಲಸದ ಬಗ್ಗೆ ಮೇಡಂಗೆ ಹೇಳಿದ್ದೇನೆ, ಅದರ ಗೋಡೆ ನೀನೇ ಹಾಕಬೇಕಂತೆ ಎಂದೆ. ದೊಡ್ಡಮ್ಮ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಕಟ್ಟಿದ ಮೇಲೆ ಯಾರಿರ್ತಾರೆ?"

"ಬಂದೋರು. ಎರಡು ದಿನ ಇದ್ದು ಹೋಗ್ತಾರೆ."

"ಎರಡು ದಿನಕ್ಕೆ ಮನೆ ಯಾಕೆ ಬೇಕು? ಅವರಿಗೆ ಮನೆ ಇಲ್ವಾ?"

"ಇದೆ ದೊಡ್ಡಮ್ಮ."

"ಯಾರೂ ಬರದೆ ಇದ್ದಾಗ?"

"ಖಾಲಿ ಇರುತ್ತೆ."

ಅವಳು ಹಾಳೆ ಮಡಿಸಿ ಕೊಟ್ಟಳು. "ಖಾಲಿ ಮನೆ ಹಾಳಾಗುತ್ತೆ. ನಾನಿರ್ತೀನಿ ಬಿಡು," ಎಂದಳು.

ಅದು ಹಾಗಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಎರಡು ದಿನ ಬಿಟ್ಟು ಅವಳು ಪಾತ್ರೆಗಂಟು, ಸನಿಕೆ, ಹಾಸಿಗೆ ಸಮೇತ ಗುಡ್ಡದಲ್ಲಿ ಇಳಿದಳು. ಶೆಡ್ಡಿನ ಕೀಲಿಯನ್ನು ಪಕ್ಕದ ಮನೆಯ ಬಾಣಂತಿಗೆ ಕೊಟ್ಟು, "ಇನ್ನು ನೀವೇ ಇಟ್ಕೊಳ್ಳಿ, ನಾನು ಮನೆಗೆ ಹೋಗ್ತೀನಿ" ಎಂದು ಹೇಳಿ ಬಂದಿದ್ದಳಂತೆ.

ಕೆಲಸದ ಉಸ್ತುವಾರಿಯ ಮೇಸ್ತ್ರಿ ಮಾದರಿ ಮನೆಗೆ ಗೇಟಿನ ಪಕ್ಕ ನಾಲ್ಕು ಗೂಟ ಹೊಡೆದು ದಾರ ಕಟ್ಟಿಸಿದ್ದ; ಜಾಗ ತೋರಿಸಲು ನಾನೂ ಹೋಗಿದ್ದೆ. ದೊಡ್ಡಮ್ಮ ದಾರದೊಳಗೆ ಕೂತು ಒಂದು ಹಿಡಿ ಮಣ್ಣಿಗೆ ನೀರು ಚಿಮುಕಿಸಿ, ಅಂಗೈಯಲ್ಲಿ ಹೊಸೆದು, ಬೆರಳಿಗೆ ಸುತ್ತಿದಳು. ಬಿರುಕು ಬಿಟ್ಟು ಉದುರಿತು.

"ಇದು ಲಾರಿ ಮಣ್ಣು. ಎಲ್ಲಿಂದಲೋ ತಂದು ಸುರಿದಿದ್ದಾರೆ. ಗೋಡೆ ನಿಲ್ಲಲ್ಲ."

"ಅಜ್ಜೀ, ಸ್ವಲ್ಪ ಸಿಮೆಂಟ್ ಬೆರೆಸ್ತೀವಿ. ಹೊರಗಡೆಗೆ ಮಣ್ಣಿನ ಬಣ್ಣದ ಪೇಂಟ್," ಎಂದ ಮೇಸ್ತ್ರಿ.

"ಅಜ್ಜಿ ನಿಮ್ಮ ಮನೇಲಿರ್ತಾಳೆ. ಸಿಮೆಂಟ್ ಬೆರೆಸೋದಾದ್ರೆ ನೀನೇ ಕಟ್ಕೋ."

ನಮ್ಮವರು ಹೊಸ ಗೋಡೆಗೆ ಹೊಸ ಮಣ್ಣನ್ನೇ ಪೂರ್ತಿ ಹಾಕುತ್ತಿರಲಿಲ್ಲ. ಬಿದ್ದ ಗೋಡೆಯ ಮಣ್ಣನ್ನು ನೆನೆಸಿ, ಮತ್ತೆ ತುಳಿದು, ಅದರಿಂದಲೇ ಏರಿಸುತ್ತಿದ್ದರು. ಒಮ್ಮೆ ತುಳಿಸಿಕೊಂಡ ಮಣ್ಣಿಗೆ ಹಿಡಿತ ಹೆಚ್ಚು ಎಂದು ದೊಡ್ಡಮ್ಮ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಅಂಥ ಮಣ್ಣು ಹುಡುಕಿಕೊಂಡು ಬರುತ್ತೇನೆ ಎಂದು ಸನಿಕೆ ಹೆಗಲಿಗಿಟ್ಟು ಹೊರಟಳು. ನಾನು ಕಚೇರಿಗೆ ವಾಪಸಾದೆ.

ಒಂಬತ್ತನೇ ದಿನ ಮೇಸ್ತ್ರಿಯ ಫೋನು. "ಮೇಡಮ್ಮೋರೇ, ನಿಮ್ಮ ದೊಡ್ಡಮ್ಮ ಗೋಡೆ ಹಾಕಿದ್ದಾರೆ. ಗೋಡೆ ಅಂದ್ರೆ ಏನು ಗೋಡೆ ಅಂತೀರಿ, ಕೈಯಿಟ್ರೆ ಕಲ್ಲು ಕಲ್ಲು! ಆದ್ರೆ ಈಜುಕೊಳದಲ್ಲಿ ಹಾಕಿದ್ದಾರೆ."

"ಏನಂದ್ರಿ?"

"ಕೊಳ ಇನ್ನೂ ತೋಡಿಲ್ಲ ಅನ್ನಿ. ಅದರ ನಟ್ಟನಡುವೆ. ನಾನು ಕೆಳಗಿನ ಬೇಲಿ ಕೆಲಸದಲ್ಲಿದ್ದೆ, ಈ ಕಡೆ ಬಂದೇ ಇರಲಿಲ್ಲ. ನಾಳೆ ಅಗೆಯೋ ಯಂತ್ರ ಬರುತ್ತೆ."

ಮೇಡಂ, ಯಜಮಾನರು, ನಾನು ಒಂದೇ ಕಾರಿನಲ್ಲಿ ಹೋದೆವು. ಸೊಂಟದೆತ್ತರದ ಗೋಡೆ ಮೂರು ಕಡೆ ಎದ್ದಿತ್ತು. ಕೆಳಗಿನದು ಒಣಗಿ ಬೆಳ್ಳಗಾಗಿತ್ತು, ಮೇಲಿನ ಒಂದು ಮೊಳ ಇನ್ನೂ ಹಸಿ. ನಾಲ್ಕನೇ ಕಡೆ ಬಾಗಿಲಿಗೆ ಬಿಟ್ಟ ಜಾಗ. ಒಳಗೆ ಒಂದು ಗೇಣು ಮಣ್ಣು ತೆಗೆದಿದ್ದಳು. ಅಡಿಯಲ್ಲಿ ಬಡಿದು ನಯಮಾಡಿದ ಹಳೆಯ ನೆಲ, ಮೂಲೆಯಲ್ಲಿ ಒಲೆಯ ಮೂರು ಕಲ್ಲು, ಬೆಂಕಿಗೆ ಕಪ್ಪಾದವು. ಮೇಲ್ಛಾವಣಿ ಇಲ್ಲದ ಆ ಮನೆಯಲ್ಲಿ ದೊಡ್ಡಮ್ಮ ಹಾಸಿಗೆ ಬಿಡಿಸಿ, ಕಾಲು ಚಾಚಿ ಕೂತಿದ್ದಳು.

ನೆಲ ಯಾಕೆ ಮಟ್ಟಸವಾಗಿತ್ತು ಎಂಬುದು ಆಗ ಹೊಳೆಯಿತು. ಯಾರೋ ಮನೆ ಕಟ್ಟಲೆಂದು ಇಳಿಜಾರನ್ನು ಕಡಿದು ಸಮ ಮಾಡಿದ್ದರು. ಆ ಯಾರೋ ನಮ್ಮವರೇ; ಆ ಒಲೆ ನಮ್ಮ ಮನೆಯದು. ನನ್ನ ಮನೆಯ ಮೇಲೆ ನಾನೇ ನೀರು ನಿಲ್ಲಿಸಿದ್ದೆ.

"ದೊಡ್ಡಮ್ಮ, ಜಾಗ ಅಲ್ಲಿ ತೋರಿಸಿದ್ರಲ್ಲ, ಇಲ್ಯಾಕೆ ಕಟ್ಟಿದೆ?"

"ಮಣ್ಣು ಇಲ್ಲಿತ್ತು," ಎಂದಳು. "ಹಳೇ ಗೋಡೆ ಮಣ್ಣು. ಹೊತ್ಕೊಂಡು ಅಲ್ಲೀತನಕ ಯಾರು ಹೋಗ್ತಾರೆ? ನಡ ಏನು ಕಬ್ಬಿಣದ್ದಾ?"

ತಿಳಿದೇ ಮಾಡಿದಳೋ, ಮಣ್ಣು ಹುಡುಕುತ್ತ ಹೋದವಳು ಅಲ್ಲಿಗೆ ಹೋಗಿ ನಿಂತಳೋ, ನನಗೆ ಬಗೆಹರಿಯಲಿಲ್ಲ. ಮುಖದಲ್ಲಿ ಹಟವೂ ಕಾಣಲಿಲ್ಲ, ತಪ್ಪು ಮಾಡಿದ ಅಳುಕೂ ಕಾಣಲಿಲ್ಲ. ಕೆಲಸ ಮುಗಿಸಿ ದಣಿದವರ ಮುಖ ಅದು.

ಮೇಡಂ ಗೋಡೆಯನ್ನು ಸವರಿದರು. ಅವರ ಕಣ್ಣಲ್ಲಿ ನೀರು ಬಂತು. "ಎಂಥ ಕೆಲಸ! ಇದನ್ನೇ ನಾನು ಕೇಳಿದ್ದು. ಅಮ್ಮಾ, ಇದೇ ಥರ ಗೇಟಿನ ಹತ್ರ ಕಟ್ಟಿಬಿಡಿ."

"ಇದು?"

"ಇದನ್ನ... ಇಲ್ಲಿ ನೀರು ಬರುತ್ತಲ್ಲ."

"ನೀರು ಬೇರೆ ಕಡೆ ಬರ್ಲಿ. ನೀರಿಗೇನು, ಎಲ್ಲಿ ತೋಡಿದ್ರೂ ನಿಲ್ಲುತ್ತೆ."

ಯಜಮಾನರು ತಲೆ ಕೆರೆದುಕೊಂಡರು. "ಒಂದು ಕೆಲಸ ಮಾಡೋಣ. ಗೋಡೆ ಹಾಗೇ ಇರ್ಲಿ, ಸುತ್ತ ನೀರು ಬಿಡೋಣ. ನಡುಗಡ್ಡೆ ಥರ. ಜನ ಈಜಿ ಬಂದು ನೋಡ್ತಾರೆ."

"ಮಣ್ಣಿನ ಗೋಡೆ ಸಾರ್, ಮೂರು ದಿನಕ್ಕೆ ಪಾಯಸ ಆಗುತ್ತೆ," ಎಂದ ಮೇಸ್ತ್ರಿ.

ನಗಬಾರದಿತ್ತು. ದೊಡ್ಡಮ್ಮ ನಕ್ಕಳು, ನನಗೂ ನಗು ಬಂತು. ನಮ್ಮ ಮನೆಯನ್ನು ಮೊದಲು ಕೆಡವಿದವರು ಯಾರೂ ನಮ್ಮನ್ನು ಹೊಗಳಿರಲಿಲ್ಲ. ಈಗ ಕೆಡವುವವರು ಗೋಡೆ ಸವರುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು, ಹೆಬ್ಬಾಗಿಲಿನಲ್ಲಿ ನಮ್ಮ ಸಂಸ್ಕೃತಿ ಎಂದು ಬರೆಸುತ್ತಿದ್ದರು. ಇವರನ್ನು ಬೈಯಲು ನನಗೆ ಮಾತು ಸಿಗಲಿಲ್ಲ. ಬೈಗುಳ ಕಲಿತದ್ದೆಲ್ಲ ಲಾರಿ ತಂದವರಿಗಾಗಿ.

ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು. "ನೋಡು, ಕೊಳ ಸರಿಸಿದ್ರೆ ಪೈಪು, ಪಂಪು, ದಾರಿ, ಎಲ್ಲಾ ಸರಿಸ್ಬೇಕು. ಯಜಮಾನರು ಒಪ್ಪಲ್ಲ. ಮನೆ ನಲವತ್ತು ಮೀಟರ್ ಆಚೆ ಹೋದ್ರೆ ಏನಾಗುತ್ತೆ? ಮಣ್ಣನ್ನ ನಾವೇ ಸಾಗಿಸಿ ಕೊಡ್ತೀವಿ. ಅದೇ ಮಣ್ಣು, ಅದೇ ಕೈ, ಅದೇ ಮನೆ ತಾನೇ?"

ಅದೇ ಮನೆ ತಾನೇ? ಹದಿನಾಲ್ಕನ್ನು ಕಾಗದದ ಮೇಲೆ ಎಲ್ಲಿಗೆ ಬೇಕೆಂದರೆ ಅಲ್ಲಿಗೆ ಎಳೆದಾಡಿದವಳು ನಾನು.

"ದೊಡ್ಡಮ್ಮ ಅದ್ರಲ್ಲೇ ಇರ್ತಾರಂತೆ ಮೇಡಂ. ಕಟ್ಟಿದ ಮೇಲೆ. ಶೆಡ್ಡು ಬಿಟ್ಟುಕೊಟ್ಟು ಬಂದಿದ್ದಾರೆ."

"ಇರೋದಾ?" ಮೇಡಂ ನಿಜಕ್ಕೂ ಗೊಂದಲಕ್ಕೆ ಬಿದ್ದರು. "ಯಾರು ಹೇಳಿದ್ರು ಹಾಗಂತ?"

"ಯಾರೂ ಹೇಳಿಲ್ಲ. ಇಲ್ಲ ಅಂತಾನೂ ಯಾರೂ ಹೇಳಿಲ್ಲ. ನಾನೂ ಹೇಳಿಲ್ಲ."

ಅಷ್ಟರಲ್ಲಿ ಯಜಮಾನರು ಗಡಿಯಾರ ನೋಡಿದರು. ಯಂತ್ರ ಬರುವ ಮೊದಲು ಕೊಳದ ಅಂಚಿಗೆ ಸುಣ್ಣದ ಗೆರೆ ಬೀಳಬೇಕು, ಇವತ್ತೇ ಬೀಳಬೇಕು ಎಂದರು. ಮೇಸ್ತ್ರಿ ಸುಣ್ಣದ ಪುಡಿಯ ಚೀಲವನ್ನು ಎತ್ತಿಕೊಂಡು ಗೋಡೆಯ ತನಕ ಹೋದ, ದೊಡ್ಡಮ್ಮನನ್ನು ನೋಡಿದ, ಚೀಲವನ್ನು ನೆಲಕ್ಕಿಟ್ಟು ವಾಪಸು ಬಂದ. "ನನ್ನ ಕೈಲಾಗಲ್ಲ ಸಾರ್, ವಯಸ್ಸಾದೋರು ಕೂತಿದ್ದಾರೆ. ಅವರ ಕಡೆಯವರೇ ಯಾರಾದ್ರೂ ಹಾಕ್ಲಿ."

ಮೇಡಂ ನನ್ನ ಬೆನ್ನ ಮೇಲೆ ಕೈಯಿಟ್ಟರು. ಆ ಕೈ ಬೆಚ್ಚಗಿತ್ತು. "ಅಳತೆ ನಿನ್ನದೇ. ನೀನು ಗೆರೆ ಎಳೆದ್ರೆ ಅವರು ತಾವಾಗೇ ಏಳ್ತಾರೆ. ಬೇರೆ ಯಾರಾದ್ರೂ ಎಳೆದ್ರೆ ಅವರಿಗೆ ಅವಮಾನ. ಹೋಗು."

ಗೋಡೆಯವರೆಗೆ ನಡೆದೆ. ದೊಡ್ಡಮ್ಮ ನನ್ನನ್ನು ನೋಡಿ, ಹಾಸಿಗೆಯ ಮೇಲೆ ಸ್ವಲ್ಪ ಸರಿದು ಜಾಗ ಬಿಟ್ಟಳು.

ಅಲ್ಲಿಂದಲೇ ತಿರುಗಿ, "ನಾನು ಹಾಕಲ್ಲ ಮೇಡಂ," ಎಂದೆ.

"ಹಾಗಂದ್ರೆ? ನಕ್ಷೇಲಿ ನಿನ್ನ ಹೆಸರಿದೆ."

"ಅಳಿಸಿ ಮೇಡಂ. ಗೆರೆ ಹಾಕಲ್ಲ."

"ಕಾರಣನಾದ್ರೂ ಹೇಳು."

ಹುಡುಕಿದೆ. ಎಲ್ಲರಿಗೂ ಅರ್ಥವಾಗುವಂಥ ಒಂದು ಕಾರಣವೂ ನನಗೆ ಸಿಗಲಿಲ್ಲ.

"ಗೊತ್ತಿಲ್ಲ," ಎಂದೆ. "ಹಾಕಲ್ಲ."